ಮೈಕ್ ಆಮೇಲೆ ಬರಲಿ, ಮೊದಲು ವಾರಕ್ಕೊಂದು ಪಿರಿಯಡ್ ಕೊಡಿ

ಮಾನ್ಯ ಸಂಪಾದಕರೇ,

ನಮ್ಮ ಪ್ರೌಢಶಾಲೆಗಳಲ್ಲಿ ಈಗ ಮಕ್ಕಳ ಬ್ಲಾಗು, ಮಕ್ಕಳ ಪಾಡ್‌ಕಾಸ್ಟು (ಇಂಟರ್ನೆಟ್ಟಿನಲ್ಲಿ ಕಂತುಕಂತಾಗಿ ಕೇಳಿಸುವ ಧ್ವನಿ ಕಾರ್ಯಕ್ರಮ) ಶುರುಮಾಡುವ ಹುಮ್ಮಸ್ಸು ಕಾಣುತ್ತಿದೆ. ಸಂತೋಷದ ಸಂಗತಿ. ಆದರೆ ಬಹಳ ಕಡೆ ಅದು ನಡೆಯುವ ಬಗೆ ಹೀಗಿದೆ: ದಾನಿಗಳು ಒಂದು ಮೈಕ್ ಕೊಡುತ್ತಾರೆ, ವಾರ್ಷಿಕೋತ್ಸವದ ದಿನ ಅತಿಥಿಗಳು ಗುಂಡಿ ಒತ್ತಿ ಬ್ಲಾಗ್ ಉದ್ಘಾಟಿಸುತ್ತಾರೆ. ಮುಖ್ಯೋಪಾಧ್ಯಾಯರ ಸಂದೇಶ, ಶಾಲೆಯ ಇತಿಹಾಸ, ಆಗಸ್ಟ್ 15ರ ಫೋಟೊಗಳು, ಹೀಗೆ ಮೂರು ಪೋಸ್ಟ್ ಬರುತ್ತವೆ. ನಾಲ್ಕನೆಯದು ಬರುವುದಿಲ್ಲ. ಮಕ್ಕಳು ಬರೆದದ್ದು ಒಂದೂ ಇರುವುದಿಲ್ಲ.

ಇದಕ್ಕೆ ಹಣದ ಕೊರತೆ ಕಾರಣವಲ್ಲ. ಈ ಕೆಲಸಕ್ಕೆ ಬೇಕಾದ ಸಾಮಾನು ಅನೇಕ ಶಾಲೆಗಳಲ್ಲಿ ಈಗಲೇ ಇದೆ: ಒಂದು ಸಾಧಾರಣ ಸ್ಮಾರ್ಟ್‌ಫೋನ್, ಇಂಟರ್ನೆಟ್ ಬರುವ ಒಂದು ಕಂಪ್ಯೂಟರ್, ದನಿ ಮರುಗುಡದಂತೆ ತಡೆಯಲು ಒಂದೆರಡು ದಪ್ಪ ಕೌದಿ. ಇಲ್ಲದಿರುವುದು ವೇಳಾಪಟ್ಟಿಯಲ್ಲಿ ಒಂದು ಗೊತ್ತಾದ ಜಾಗ. ವಾರಕ್ಕೆ 40 ನಿಮಿಷದ ಒಂದು ಪಿರಿಯಡ್ಡನ್ನು ಇಡೀ ವರ್ಷ ಯಾರೂ ಕಿತ್ತುಕೊಳ್ಳದಂತೆ ಕಾಯ್ದಿರಿಸಿದರೆ ಬ್ಲಾಗು ಬದುಕುತ್ತದೆ, ಇಲ್ಲವಾದರೆ ಎಂಥ ಸ್ಟುಡಿಯೊ ಕಟ್ಟಿಕೊಟ್ಟರೂ ಬಾಗಿಲು ಹಾಕುತ್ತದೆ. ಇದನ್ನು ಹೇಗೆ ನಡೆಸಬಹುದು, ಎಲ್ಲೆಲ್ಲಿ ಎಡವುತ್ತಾರೆ ಎಂಬುದನ್ನು ಶಿಕ್ಷಕ ಮಿತ್ರರಿಗಾಗಿ ತುಸು ವಿವರವಾಗಿಯೇ ಬರೆಯುತ್ತಿದ್ದೇನೆ. ಪತ್ರ ಉದ್ದವಾದರೆ ಮನ್ನಿಸಿ.

ಧ್ವನಿಯನ್ನು ಊರಿಗೆ ತಲುಪಿಸುವ ಆಸೆ ನಮ್ಮ ನಾಡಿಗೆ ಹೊಸದಲ್ಲ. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ಆಕಾಶವಾಣಿ ಎಂಬ ಹೆಸರು ದೇಶಕ್ಕೆಲ್ಲ ಹಬ್ಬಿದ್ದು ಅಲ್ಲಿಂದ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಶುರುವಾದಾಗ ಹಳ್ಳಿಯವರಿಗೆ ಬಾನುಲಿ ಪರವಾನಗಿ ಸಿಗುವಂತಿರಲಿಲ್ಲ. ಅವರು ಮನೆಮನೆಗೆ ಕೇಬಲ್ ತಂತಿ ಎಳೆದು ತಮ್ಮ ಕಾರ್ಯಕ್ರಮ ಕೇಳಿಸಿದರು. ಇವತ್ತು ಎಂಟನೇ ತರಗತಿಯ ಹುಡುಗಿಯ ನಾಲ್ಕು ನಿಮಿಷದ ಮಾತು ಶಿರಸಿಯಿಂದ ಶಿಕಾಗೊವರೆಗೆ ಹೋಗಲು ಟ್ರಾನ್ಸ್‌ಮಿಟರೂ ಬೇಡ, ತಂತಿಯೂ ಬೇಡ. ಇಷ್ಟು ಸಲೀಸಾದ ದಾರಿಯನ್ನು ಮೂರು ಪೋಸ್ಟಿಗೆ ಬಿಟ್ಟುಬಿಡುವುದು ನೋವಿನ ವಿಷಯ.

ಮೊದಲ ತಿಂಗಳು ಪಾಡ್‌ಕಾಸ್ಟಿನ ಮಾತೇ ಎತ್ತಬೇಡಿ. ಎಂಟು ಮತ್ತು ಒಂಬತ್ತನೇ ತರಗತಿಯಿಂದ ಐದಾರು ಮಕ್ಕಳ ಒಂದು ತಂಡ ಸಾಕು; ಎಸ್ಸೆಸ್ಸೆಲ್ಸಿಯವರಿಗೆ ಪರೀಕ್ಷೆಯ ಭಾರ ಇರುತ್ತದೆ. ಪಿರಿಯಡ್ಡಿನ ಮೊದಲ 10 ನಿಮಿಷ ಒಬ್ಬರು ಬರೆದು ತಂದದ್ದನ್ನು ಗಟ್ಟಿಯಾಗಿ ಓದಲಿ, ಮುಂದಿನ 15 ನಿಮಿಷ ಇಬ್ಬಿಬ್ಬರು ಕೂತು ತಿದ್ದಲಿ, ಉಳಿದ 15 ನಿಮಿಷ ಟೈಪ್ ಮಾಡಲಿ. ವಾರಕ್ಕೆ ಒಂದೇ ಬರಹ, 200ರಿಂದ 300 ಪದ. ಹಿಂದೆ ಶಾಲೆಯಲ್ಲಿ ಗೋಡೆ ಪತ್ರಿಕೆ, ಕೈಬರಹ ಪತ್ರಿಕೆ ನಡೆಸುತ್ತಿದ್ದ ಮೇಷ್ಟ್ರುಗಳಿಗೆ ಈ ಲಯ ಚೆನ್ನಾಗಿ ಗೊತ್ತು. ಬ್ಲಾಗಿಗೂ ಅದೇ ಲಯ ಸಾಕು.

ವಿಷಯ ಕೊಡುವಾಗ ‘ಪರಿಸರ ಮಾಲಿನ್ಯ’, ‘ಸಮಯದ ಮಹತ್ವ’ ಎಂದು ಕೊಟ್ಟರೆ ಮಕ್ಕಳು ಎಲ್ಲಿಂದಲೋ ನಕಲು ಮಾಡುತ್ತಾರೆ, ಇಲ್ಲವೇ ಕೃತಕ ಬುದ್ಧಿಮತ್ತೆಯನ್ನು ಕೇಳುತ್ತಾರೆ. ಅವರನ್ನು ಗದರಿ ಪ್ರಯೋಜನವಿಲ್ಲ, ವಿಷಯವನ್ನೇ ಬದಲಿಸಬೇಕು. ಈ ವಾರದ ಸಂತೆಯಲ್ಲಿ ಒಂದು ಕಟ್ಟು ಮೆಂತೆಸೊಪ್ಪು ಬೆಳಗ್ಗೆ ಎಷ್ಟಿತ್ತು, ಸಂಜೆ ಎಷ್ಟಕ್ಕಿಳಿಯಿತು, ಮಾರುವಾಕೆ ಉಳಿದ ಸೊಪ್ಪನ್ನು ಏನು ಮಾಡಿದಳು? ಇದಕ್ಕೆ ಉತ್ತರ ಯಾವ ಯಂತ್ರದಲ್ಲೂ ಇಲ್ಲ, ಸಂತೆಗೆ ಹೋಗಿ ಬಂದವರ ಹತ್ತಿರ ಮಾತ್ರ ಇದೆ. ಊರ ಕೆರೆಯ ತೂಬು ಯಾರ ಸುಪರ್ದಿನಲ್ಲಿದೆ, ಬಿಸಿಯೂಟಕ್ಕೆ ದಿನಕ್ಕೆ ಎಷ್ಟು ಕಿಲೊ ಅಕ್ಕಿ ಬೇಯುತ್ತದೆ, ಬಸ್ಸು ತಪ್ಪಿದರೆ ಎಷ್ಟು ದೂರ ನಡೆಯಬೇಕು. ಇಂಥವು ಪುಟ್ಟ ವಿಷಯಗಳೇ, ಆದರೆ ಓದುವವರಿಗೆ ಬೇಕಾದವು.

ಇನ್ನು ಟೈಪಿಂಗ್. ಶಾಲಾ ಕಚೇರಿಗಳಲ್ಲಿ ಪ್ರಶ್ನೆಪತ್ರಿಕೆ, ಸುತ್ತೋಲೆಗಳನ್ನು ಇನ್ನೂ ಹಳೆಯ ನುಡಿ, ಬರಹ ಫಾಂಟುಗಳಲ್ಲೇ ಮಾಡುವ ರೂಢಿ ಇದೆ. ಹಾಗೆ ಟೈಪ್ ಮಾಡಿದ್ದನ್ನು ಬ್ಲಾಗಿಗೆ ಅಂಟಿಸಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಗೆರೆ, ಚುಕ್ಕಿ ಕುಳಿತ ಗೋಜಲು ಕಾಣುತ್ತದೆ. ಆ ಫಾಂಟುಗಳು ರೋಮನ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು, ಫಾಂಟು ಹೋದರೆ ಕನ್ನಡವೂ ಹೋಯಿತು. ಲಿಪಿಗಳಿಗೆ ಜಗತ್ತು ಒಪ್ಪಿದ ಸಂಕೇತ ಪದ್ಧತಿಯಾದ ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ. ಆದ್ದರಿಂದ ಮೊದಲ ದಿನವೇ ಕೀಲಿಮಣೆಯನ್ನು ಯೂನಿಕೋಡಿಗೆ ಬದಲಿಸಿಕೊಳ್ಳಿ, ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸಕ್ಕೆ ಒಗ್ಗಿದ ಕೈಗೆ ಏನೂ ಹೊಸದು ಅನಿಸುವುದಿಲ್ಲ. ಹಳೆಯ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕ ತಂತ್ರಾಂಶದಲ್ಲಿ ಹಾಕಿ ತೆಗೆದ ಮೇಲೆ ಅರ್ಕಾವತ್ತು, ಒತ್ತಕ್ಷರ, ದೀರ್ಘಗಳನ್ನು ಒಂದು ಸಲ ಕಣ್ಣಾಡಿಸಿ.

ಫೋನಿನಲ್ಲಿ ಟೈಪ್ ಮಾಡುವ ಮಕ್ಕಳು ಮಾಡುವ ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತಿಬಿಡುತ್ತಾರೆ. ‘ಸಂತೆ’ ಮತ್ತು ‘ಸ೦ತೆ’ ನೋಡಲು ಹೆಚ್ಚುಕಡಿಮೆ ಒಂದೇ, ಆದರೆ ಎರಡನೆಯದರಲ್ಲಿ ಇರುವುದು ಸೊನ್ನೆ. ಗೂಗಲಿನಲ್ಲಿ ‘ಸಂತೆ’ ಎಂದು ಹುಡುಕಿದವರಿಗೆ ಆ ಬರಹ ಸಿಗುವ ಭರವಸೆ ಇರುವುದಿಲ್ಲ. ಪ್ರಕಟಿಸುವ ಮುನ್ನ ಪುಟದಲ್ಲಿ ಆ ಸೊನ್ನೆಯನ್ನು ಹುಡುಕಿ, ಸಿಕ್ಕಿದರೆ ಬದಲಿಸುವ ಕೆಲಸವನ್ನು ಒಬ್ಬರಿಗೆ ವಹಿಸಿಬಿಡಿ.

ಬ್ಲಾಗ್ ತೆರೆಯುವುದು ಕಾಲು ಗಂಟೆಯ ಕೆಲಸ. ಬ್ಲಾಗರ್ ಅಥವಾ ವರ್ಡ್‌ಪ್ರೆಸ್, ಎರಡೂ ಪುಕ್ಕಟೆ ಸಿಗುತ್ತವೆ. ಬ್ಲಾಗರ್ ಹೆಚ್ಚು ಸರಳ ಎಂಬ ಕಾರಣಕ್ಕೆ ಅದನ್ನೇ ಹಿಡಿದು ಹೇಳುತ್ತೇನೆ. ವಿನ್ಯಾಸದ ಗೊಡವೆಗೆ ಹೋಗಬೇಡಿ, ಬಿಳಿ ಹಿನ್ನೆಲೆ, ಕಪ್ಪು ಅಕ್ಷರ ಸಾಕು. ಗಮನ ಕೊಡಬೇಕಾದ್ದು ಮೂರು ಕಡೆ. ಒಂದು, ಶೀರ್ಷಿಕೆ ಕನ್ನಡದಲ್ಲಿದ್ದರೆ ಬ್ಲಾಗರ್ ಆ ಪುಟದ ವಿಳಾಸವನ್ನು ‘ಬ್ಲಾಗ್-ಪೋಸ್ಟ್’ ಎಂದೋ ಅದಕ್ಕೊಂದು ಸಂಖ್ಯೆ ಸೇರಿಸಿಯೋ ತಾನೇ ಇಟ್ಟುಬಿಡುತ್ತದೆ. ಹತ್ತು ಪೋಸ್ಟ್ ಆದ ಮೇಲೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಪ್ರಕಟಿಸುವ ಮೊದಲೇ ಪಕ್ಕದ ಪಟ್ಟಿಯ ಪರ್ಮಾಲಿಂಕ್ ತೆರೆದು ರೋಮನ್ ಲಿಪಿಯಲ್ಲಿ ಎರಡು ಪದದ ವಿಳಾಸ ಬರೆಯಿರಿ. ಆಮೇಲೆ ಬದಲಿಸಿದರೆ ಅಷ್ಟರಲ್ಲಿ ಹಂಚಿದ ಕೊಂಡಿಗಳೆಲ್ಲ ಮುರಿಯುತ್ತವೆ. ಎರಡು, ಪ್ರತಿಕ್ರಿಯೆಗಳನ್ನು ಶಿಕ್ಷಕರು ಓದಿ ಒಪ್ಪಿದ ಮೇಲಷ್ಟೇ ಕಾಣುವಂತೆ ಸೆಟ್ಟಿಂಗ್ ಮಾಡಿ. ಮೂರು, ಫೋನಿನಲ್ಲಿ ತೆಗೆದ ಫೋಟೊ ನಾಲ್ಕೈದು ಎಂಬಿ ಇರುತ್ತದೆ. ಅಗಲ 1200 ಪಿಕ್ಸೆಲ್‌ಗೆ ಇಳಿಸಿ ಹಾಕಿ, ಇಲ್ಲದಿದ್ದರೆ ಹಳ್ಳಿಯ ನೆಟ್‌ವರ್ಕಿನಲ್ಲಿ ಪುಟ ತೆರೆಯುವಷ್ಟರಲ್ಲಿ ಓದುಗರು ಹೊರಟುಹೋಗಿರುತ್ತಾರೆ. ಕ್ಯಾಮೆರಾದ ಲೊಕೇಶನ್ ಮೊದಲೇ ಆಫ್ ಮಾಡಿರಲಿ, ತೆಗೆದ ಜಾಗದ ಗುರುತು ಚಿತ್ರದೊಳಗೇ ಸೇರಿಕೊಳ್ಳುತ್ತದೆ.

ಖಾತೆ ಯಾರ ಹೆಸರಿನಲ್ಲಿರಬೇಕು ಎಂಬುದು ಬಹಳ ಮುಖ್ಯ. ಒಬ್ಬ ಶಿಕ್ಷಕರ ಸ್ವಂತ ಜಿಮೇಲಿನಲ್ಲಿ ಬ್ಲಾಗು ತೆರೆದು, ಅವರಿಗೆ ವರ್ಗವಾಗಿ, ಪಾಸ್‌ವರ್ಡ್ ಅವರೊಂದಿಗೇ ಹೋಗಿ ಬ್ಲಾಗಿಗೆ ಬೀಗ ಬೀಳುವುದು ಪದೇ ಪದೇ ನಡೆಯುವ ಸಂಗತಿ. ಶಾಲೆಯ ಹೆಸರಿನಲ್ಲೇ ಖಾತೆ ಮಾಡಿ, ಅಡ್ಮಿನ್ ಆಗಿ ಕನಿಷ್ಠ ಇಬ್ಬರು ಶಿಕ್ಷಕರನ್ನು ಸೇರಿಸಿ, ಪಾಸ್‌ವರ್ಡನ್ನು ಲಕೋಟೆಯಲ್ಲಿ ಮುಚ್ಚಿ ಮುಖ್ಯೋಪಾಧ್ಯಾಯರ ಬೀರುವಿನಲ್ಲಿಡಿ. 2 ವರ್ಷ ಯಾರೂ ತೆರೆಯದ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು ಎಂಬುದೂ ನೆನಪಿರಲಿ. ಮಕ್ಕಳ ಹೆಸರಿನಲ್ಲಿ ಖಾತೆ ತೆರೆಸುವುದು ಬೇಡ.

ಐದಾರು ಬರಹ ಬ್ಲಾಗಿನಲ್ಲಿ ಬಂದ ಮೇಲೆ ಧ್ವನಿಗೆ ಬನ್ನಿ. ಬ್ಲಾಗಿನ ಬರಹವನ್ನೇ ಪಾಡ್‌ಕಾಸ್ಟಿಗೆ ಬಳಸಬಹುದು, ಆದರೆ ಹಾಗೇ ಓದಿಸಬೇಡಿ. ಕಣ್ಣಿಗೆ ಬರೆದ ಕನ್ನಡ ಬೇರೆ, ಕಿವಿಗೆ ಬರೆದ ಕನ್ನಡ ಬೇರೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ವಾಕ್ಯ ಉದ್ದವಾದಷ್ಟೂ ಕೇಳುವವರು ಅಲ್ಲಿಯವರೆಗೆ ಎಲ್ಲವನ್ನೂ ನೆನಪಿನಲ್ಲಿ ಹೊತ್ತುಕೊಂಡು ಕಾಯಬೇಕು. ಮಕ್ಕಳು ಸಾಮಾನ್ಯವಾಗಿ ಬರೆಯುವ ವಾಕ್ಯ ಹೀಗಿರುತ್ತದೆ: ‘ನಮ್ಮ ಗ್ರಾಮದ ಪೂರ್ವ ದಿಕ್ಕಿನಲ್ಲಿರುವ, ಸುಮಾರು ನೂರು ವರ್ಷಗಳ ಹಿಂದೆ ನಿರ್ಮಿಸಲ್ಪಟ್ಟ, ಈಗ ಹೂಳಿನಿಂದ ತುಂಬಿಕೊಂಡಿರುವ ಕೆರೆಯು ಬೇಸಿಗೆಯಲ್ಲಿ ಬತ್ತಿಹೋಗುತ್ತದೆ.’ ಇದನ್ನು ಕಿವಿಗೆ ತಿದ್ದಿದರೆ ಹೀಗಾಗುತ್ತದೆ: ‘ನಮ್ಮೂರ ಮೂಡಲಿಗೆ ಒಂದು ಕೆರೆ ಇದೆ. ನೂರು ವರ್ಷದ ಕೆರೆ. ಈಗ ಹೂಳು ತುಂಬಿದೆ. ಯುಗಾದಿ ಹೊತ್ತಿಗೆ ಬತ್ತಿಹೋಗುತ್ತದೆ.’ ಒಂದು ಉಸಿರಿಗೆ ಒಂದು ವಾಕ್ಯ, ಅದೇ ಅಳತೆ. ‘ಮೇಲೆ ತಿಳಿಸಿದಂತೆ’, ‘ಈ ಕೆಳಗಿನ’ ಎಂಬವನ್ನು ಹೊಡೆದುಹಾಕಿ, ಕಿವಿಗೆ ಮೇಲೂ ಇಲ್ಲ ಕೆಳಗೂ ಇಲ್ಲ. ಅಂಕಿಗಳನ್ನು ಅಕ್ಷರದಲ್ಲಿ ಬರೆದುಕೊಳ್ಳಿ, 1,25,000 ಎಂದು ಬರೆದರೆ ಓದುವ ಮಗು ಅಲ್ಲಿ ತಡವರಿಸುವುದು ಖಂಡಿತ. ನಿಧಾನವಾಗಿ ಓದಿದರೆ ನಿಮಿಷಕ್ಕೆ ನೂರರ ಆಸುಪಾಸಿನಲ್ಲಿ ಪದಗಳು ಹೋಗುತ್ತವೆ. ನಾಲ್ಕು ನಿಮಿಷದ ಕಂತಿಗೆ 400 ಪದ ಎಂದಿಟ್ಟುಕೊಂಡು ಗಡಿಯಾರ ಹಿಡಿದು ಸರಿಮಾಡಿಕೊಳ್ಳಿ. ಮೊದಲ ವರ್ಷ ಆರು ನಿಮಿಷ ದಾಟಬೇಡಿ.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಮೈಕಿನ ಮುಂದೆ ಕೂತ ಕೂಡಲೇ ಮಕ್ಕಳು ವಾರ್ತೆ ಓದುವವರ ದನಿ ತೆಗೆಯುತ್ತಾರೆ, ಯಾಕೆಂದರೆ ಕನ್ನಡ ಎಂದರೆ ಅದೇ ಎಂದು ನಾವೇ ಕಲಿಸಿದ್ದೇವೆ. ಧಾರವಾಡದ ಮಗು ಧಾರವಾಡದ ಕನ್ನಡದಲ್ಲೇ ಹೇಳಲಿ, ಕುಂದಾಪುರದ್ದು ಕುಂದಾಪುರದ ಕನ್ನಡದಲ್ಲೇ ಹೇಳಲಿ. ಮನೆಯಲ್ಲಿ ತುಳು, ಲಂಬಾಣಿ, ಬ್ಯಾರಿ, ಉರ್ದು ಆಡುವ ಮಗು ಅಜ್ಜಿಯ ಮಾತನ್ನು ಆ ಭಾಷೆಯಲ್ಲೇ ಕೇಳಿಸಿ, ಬ್ಲಾಗಿನಲ್ಲಿ ಅದರ ಕನ್ನಡ ಅರ್ಥ ಬರೆಯಲಿ. ಅಕಾರ, ಹಕಾರ ತಿದ್ದುವುದಕ್ಕೆ ತರಗತಿಯಲ್ಲಿ ಬೇರೆ ಹೊತ್ತು ಇದೆ. ರೆಕಾರ್ಡಿಂಗ್ ನಡುವೆ ತಡೆದು ತಿದ್ದಿದರೆ ಆ ಮಗು ಮುಂದಿನ ವಾರ ಬರುವುದಿಲ್ಲ.

ರೆಕಾರ್ಡಿಂಗಿನಲ್ಲಿ ಮೈಕಿಗಿಂತ ಕೋಣೆ ಮುಖ್ಯ. ತರಗತಿಯ ಬರಿ ಗೋಡೆ, ಸಿಮೆಂಟು ನೆಲ, ಶೀಟಿನ ಮಾಡು, ಇವಕ್ಕೆ ಬಡಿದ ದನಿ ವಾಪಸು ಬಂದು ಮೈಕಿಗೆ ಎರಡನೇ ಸಲ ಸೇರುತ್ತದೆ. ಕೇಳಿದರೆ ಬಾವಿಯೊಳಗಿಂದ ಮಾತಾಡಿದಂತಿರುತ್ತದೆ. ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ‘ಟಪ್’ ಎಂದು ಅಲ್ಲಿಗೇ ಸತ್ತರೆ ಒಳ್ಳೆಯ ಕೋಣೆ, ಬಾಲ ಎಳೆದುಕೊಂಡು ‘ಟಣ್ಣ್’ ಎಂದರೆ ಬೇಡ. ಶಾಲೆಯಲ್ಲಿ ಹುಡುಕಿದರೆ ಪುಸ್ತಕ ತುಂಬಿದ ಗ್ರಂಥಾಲಯದ ಮೂಲೆ, ಜಮಖಾನ ಸುತ್ತಿಟ್ಟ ಸ್ಟೋರ್ ರೂಮು ಸಿಕ್ಕೇ ಸಿಗುತ್ತವೆ. ಅದೂ ಸಾಲದಿದ್ದರೆ ಮಗುವಿನ ಎದುರಿಗೆ ಮತ್ತು ಬೆನ್ನಿನ ಹಿಂದೆ ಹಗ್ಗ ಕಟ್ಟಿ ಒಂದೊಂದು ಕೌದಿ ನೇತುಹಾಕಿ. ಉತ್ತರ ಕರ್ನಾಟಕದ ಮನೆಗಳ ಹಳೆಯ ಸೀರೆಯ ಕೌದಿ ಪದರ ಪದರವಾಗಿರುವುದರಿಂದ ದನಿಯನ್ನು ಚೆನ್ನಾಗಿ ಹೀರುತ್ತದೆ. ಫ್ಯಾನ್ ಆಫ್ ಮಾಡಿ. ಆಟದ ಪಿರಿಯಡ್ ಇರುವ ಹೊತ್ತು ಬೇಡ. ಮಲೆನಾಡು, ಕರಾವಳಿಯಲ್ಲಿ ಶೀಟಿನ ಮೇಲೆ ಮಳೆ ಹೊಡೆಯುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೆಕಾರ್ಡಿಂಗ್ ನಂಬಿಕೊಳ್ಳುವಂತಿಲ್ಲ. ಅಲ್ಲಿ ಆ ತಿಂಗಳುಗಳನ್ನು ಬರಹಕ್ಕೇ ಮೀಸಲಿಟ್ಟು, ದಸರಾ ರಜೆಯ ನಂತರ ಧ್ವನಿ ಶುರುಮಾಡುವುದು ಜಾಣತನ.

ಫೋನಿನ ಮೈಕ್ ಇರುವುದು ಸಾಮಾನ್ಯವಾಗಿ ಕೆಳಗಿನ ಅಂಚಿನಲ್ಲಿ, ಒಂದು ಸಣ್ಣ ರಂಧ್ರ. ಮಕ್ಕಳು ಪರದೆಯ ಕಡೆ ಮಾತಾಡುತ್ತಾ ಅಂಗೈಯಿಂದ ಆ ರಂಧ್ರವನ್ನೇ ಮುಚ್ಚಿರುತ್ತಾರೆ. ಮೊದಲು ಅದನ್ನು ತೋರಿಸಿಕೊಡಿ. ಬಾಯಿಂದ ಒಂದು ಗೇಣು ದೂರ, ಎದುರಿಗಲ್ಲ, ಬಾಯಿಯ ಒಂದು ಪಕ್ಕಕ್ಕೆ ಓರೆಯಾಗಿ ಹಿಡಿಯಬೇಕು. ಯಾಕೆ ಓರೆ ಎಂದು ಮಕ್ಕಳಿಗೇ ಕಾಣಿಸಬಹುದು: ಬಾಯಿ ಮುಂದೆ ಅಂಗೈ ಹಿಡಿದು ‘ಪಾಪ, ಫಲ, ಭಾಗ್ಯ’ ಎನ್ನಲಿ. ಪ್ರತಿ ಸಲ ಅಂಗೈಗೆ ಗಾಳಿಯ ಗುದ್ದು ಬೀಳುತ್ತದೆ, ಮಹಾಪ್ರಾಣಕ್ಕೆ ಇನ್ನೂ ಜೋರಾಗಿ. ಅದೇ ಗುದ್ದು ಮೈಕಿಗೆ ಬಿದ್ದರೆ ‘ಧಡ್’ ಎಂಬ ಸದ್ದಾಗುತ್ತದೆ. ಓರೆ ಹಿಡಿದರೆ ಗಾಳಿ ಪಕ್ಕಕ್ಕೆ ಹೋಗಿ ದನಿ ಮಾತ್ರ ಸಿಗುತ್ತದೆ. ಫೋನನ್ನು ಮೇಜಿನ ಮೇಲಿಡುವುದಾದರೆ ಕೆಳಗೆ ಮಡಚಿದ ಟವೆಲ್ ಇರಲಿ. ಏರೋಪ್ಲೇನ್ ಮೋಡ್ ಹಾಕುವುದನ್ನು ಮರೆಯಬೇಡಿ, ನಡುವೆ ಕರೆ ಬಂದರೆ ರೆಕಾರ್ಡಿಂಗ್ ಅಲ್ಲಿಗೇ ನಿಲ್ಲಬಹುದು.

ಗುಂಡಿ ಒತ್ತಿದ ಮೇಲೆ ಮೊದಲ 10 ಸೆಕೆಂಡ್ ಯಾರೂ ಮಾತಾಡಬಾರದು, ಉಸಿರೂ ಮೆಲ್ಲಗೆ. ಆ ಮೌನದ ತುಣುಕು ಆಮೇಲೆ ಬಹಳ ಕೆಲಸಕ್ಕೆ ಬರುತ್ತದೆ. ಓದುವಾಗ ತಪ್ಪಿದರೆ ರೆಕಾರ್ಡಿಂಗ್ ನಿಲ್ಲಿಸಬೇಡಿ. ಒಂದು ಚಪ್ಪಾಳೆ ತಟ್ಟಿ, ಎರಡು ಕ್ಷಣ ಸುಮ್ಮನಿದ್ದು, ಆ ವಾಕ್ಯವನ್ನು ಮೊದಲಿನಿಂದ ಹೇಳಿದರಾಯಿತು. ಎಡಿಟ್ ಮಾಡುವವರಿಗೆ ಅಲೆಯ ಚಿತ್ರದಲ್ಲಿ ಆ ಚಪ್ಪಾಳೆ ಗೂಟ ನೆಟ್ಟ ಹಾಗೆ ಕಾಣುತ್ತದೆ, ತಪ್ಪನ್ನು ಹುಡುಕುತ್ತ ಕೂರಬೇಕಿಲ್ಲ. ಹಿರಿಯರ ಸಂದರ್ಶನವಾದರೆ ‘ಹೌದಾ’, ‘ಹ್ಞೂಂ’ ಎನ್ನದೆ ತಲೆಯಾಡಿಸಲು ಕಲಿಸಿ, ಮಾತಿನ ಮೇಲೆ ಮಾತು ಬಿದ್ದರೆ ಬಿಡಿಸಲು ಬರುವುದಿಲ್ಲ. ‘ಆಗ ಬರಗಾಲ ಇತ್ತಾ?’ ಎಂದು ಕೇಳಿದರೆ ಅಜ್ಜ ‘ಇತ್ತು’ ಎಂದು ಮುಗಿಸಿಬಿಡುತ್ತಾರೆ. ‘ಬರಗಾಲದ ವರ್ಷ ಮನೆಯಲ್ಲಿ ಏನು ಉಣ್ಣುತ್ತಿದ್ದಿರಿ?’ ಎಂದು ಕೇಳಿದರೆ ಕತೆ ಹೊರಡುತ್ತದೆ. ಇದನ್ನು ಎಲ್ಲರಿಗೂ ಕೇಳಿಸುತ್ತೇವೆ, ಒಪ್ಪಿಗೆಯೇ ಎಂಬ ಪ್ರಶ್ನೆ ಮತ್ತು ಅವರ ಉತ್ತರ ರೆಕಾರ್ಡಿಂಗಿನಲ್ಲೇ ಇರಲಿ.

ರೆಕಾರ್ಡ್ ಆದದ್ದನ್ನು ಫೋನಿನಿಂದ ಕಂಪ್ಯೂಟರಿಗೆ ಯುಎಸ್‌ಬಿ ತಂತಿಯಲ್ಲಿ ತನ್ನಿ. ವಾಟ್ಸ್‌ಆ್ಯಪಿನಲ್ಲೇ ಕಳಿಸಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ವಾಟ್ಸ್‌ಆ್ಯಪಿನ ವಾಯ್ಸ್ ಮೆಸೇಜಿನಲ್ಲೇ ರೆಕಾರ್ಡ್ ಮಾಡಿದರೆ ಡೇಟಾ ಉಳಿಸಲು ಅದು ದನಿಯನ್ನು ಹಿಂಡಿ ತೆಳ್ಳಗೆ ಮಾಡಿರುತ್ತದೆ, ಆಮೇಲೆ ದಪ್ಪ ಮಾಡಲಾಗದು. ಎಡಿಟಿಂಗಿಗೆ ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು, ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ನಡೆಯುತ್ತದೆ. ಬಹಳ ಫೋನುಗಳು ಎಂ4ಎ ಎಂಬ ನಮೂನೆಯಲ್ಲಿ ಉಳಿಸುತ್ತವೆ, ಅದನ್ನು ಈ ಎರಡರಲ್ಲೂ ಆಡಾಸಿಟಿ ತೆರೆಯಬೇಕಾದರೆ ಎಫ್ಎಫ್ಎಂಪೆಗ್ ಎಂಬ ಪೂರಕವನ್ನು ಹಾಕಿಕೊಳ್ಳಬೇಕು. ಇದು ತಿಳಿಯದೆ ‘ಫೈಲ್ ಕೆಟ್ಟಿದೆ’ ಎಂದು ಒಳ್ಳೆಯ ರೆಕಾರ್ಡಿಂಗ್ ಅಳಿಸಿಬಿಡುತ್ತಾರೆ. ರೆಕಾರ್ಡರ್ ಆ್ಯಪಿನಲ್ಲಿ ವೇವ್ ಅಥವಾ ಎಂಪಿ3 ಆಯ್ಕೆ ಇದ್ದರೆ ಅದನ್ನೇ ಇಟ್ಟುಕೊಳ್ಳಿ.

ಕಡತ ತೆರೆದಾಗ ಅಲೆಗಳ ತುದಿ ಗುಡ್ಡದಂತೆ ಚೂಪಾಗಿದ್ದರೆ ಸರಿ, ಬೇಲಿ ಕತ್ತರಿಸಿದಂತೆ ಮೇಲೆ ಚಪ್ಪಟೆಯಾಗಿದ್ದರೆ ದನಿ ಒಡೆದಿದೆ, ಇನ್ನೊಮ್ಮೆ ರೆಕಾರ್ಡ್ ಮಾಡಬೇಕು. ಆ ಮೌನದ 10 ಸೆಕೆಂಡನ್ನು ಆರಿಸಿ ನಾಯ್ಸ್ ರಿಡಕ್ಷನ್‌ಗೆ ಹೋಗಿ ಸದ್ದಿನ ಗುರುತು ಕೊಡಿ, ಆಮೇಲೆ ಇಡೀ ರೆಕಾರ್ಡಿಂಗ್ ಆರಿಸಿ ಅದೇ ಜಾಗಕ್ಕೆ ಮತ್ತೆ ಹೋಗಿ 6ರಿಂದ 9 ಡೆಸಿಬೆಲ್ ಕಡಿಮೆ ಮಾಡಿ. ಆಸೆಪಟ್ಟು 20 ಹಾಕಿದರೆ ದನಿ ನೀರೊಳಗಿಂದ ಬಂದಂತೆ ಗುಳುಗುಳು ಎನ್ನುತ್ತದೆ. ಇದು ಫ್ಯಾನಿನಂಥ ಒಂದೇ ಸಮನೆಯ ಸದ್ದನ್ನು ತೆಗೆಯುತ್ತದೆಯೇ ಹೊರತು ಪ್ರತಿಧ್ವನಿಯನ್ನು ತೆಗೆಯಲಾರದು. ಆದ್ದರಿಂದಲೇ ಕೌದಿಯ ಬಗ್ಗೆ ಅಷ್ಟು ಹೇಳಿದ್ದು. ಬಳಿಕ ಚಪ್ಪಾಳೆ ಇರುವಲ್ಲಿ ತಪ್ಪು ವಾಕ್ಯ ಕತ್ತರಿಸಿ. ಉಸಿರನ್ನೆಲ್ಲ ಕತ್ತರಿಸಬೇಡಿ, ಉಸಿರಿಲ್ಲದ ಮಾತು ಯಂತ್ರದ ಮಾತಾಗುತ್ತದೆ. ಕೊನೆಗೆ ದನಿಯ ಮಟ್ಟ ಸಮಮಾಡುವ ಲೌಡ್‌ನೆಸ್ ನಾರ್ಮಲೈಸೇಶನ್. ಅಲ್ಲಿ ತಾನಾಗಿ ಬರುವ -23 ಎಂಬ ಮಟ್ಟ ಟಿವಿ ಪ್ರಸಾರದ ಅಳತೆ, ಬಸ್ಸಿನಲ್ಲಿ ಇಯರ್‌ಫೋನ್ ಹಾಕಿದವರಿಗೆ ಸರಿಯಾಗಿ ಕೇಳಿಸದು. -16 ಎಂದು ಬದಲಿಸಿ, ಎಲ್ಲ ಕಂತಿಗೂ ಅದೇ ಅಂಕಿ ಇರಲಿ.

ಸೇವ್ ಮಾಡಿದರೆ ಸಿಗುವುದು ಕೆಲಸದ ಕಡತ. ಅದನ್ನು ಪೆನ್ ಡ್ರೈವಿನಲ್ಲಿ ಒಯ್ದು ‘ಪ್ಲೇ ಆಗ್ತಿಲ್ಲ’ ಎನ್ನುವ ಮಕ್ಕಳಿಗೆ ಲೆಕ್ಕವಿಲ್ಲ. ಕೇಳುವ ಕಡತ ಬೇಕಾದರೆ ಎಕ್ಸ್‌ಪೋರ್ಟ್ ಮಾಡಬೇಕು: ಎಂಪಿ3, ಮೊನೊ, 64 ಕೆಬಿಪಿಎಸ್. ಮಾತಿಗೆ ಅಷ್ಟು ಧಾರಾಳ. ಐದು ನಿಮಿಷಕ್ಕೆ 2.4 ಎಂಬಿ ಆಗುತ್ತದೆ, ದಿನದ ಡೇಟಾ ಎಣಿಸಿ ಬಳಸುವ ಮನೆಗೂ ಹೊರೆಯಲ್ಲ.

ಬ್ಲಾಗರ್‌ಗೆ ಧ್ವನಿ ಕಡತವನ್ನು ನೇರ ಏರಿಸಲು ಬರುವುದಿಲ್ಲ. ಧ್ವನಿ ಕಡತ ಇಡಲು ಜಾಗ ಕೊಡುವ ಇಂಟರ್ನೆಟ್ ಆರ್ಕೈವಿಗೋ ಸ್ಪಾಟಿಫೈ ಫಾರ್ ಕ್ರಿಯೇಟರ್ಸ್‌ಗೋ ಏರಿಸಿ, ಅಲ್ಲಿ ಸಿಗುವ ಎಂಬೆಡ್ ಕೋಡನ್ನು (ಧ್ವನಿಯನ್ನು ನಮ್ಮ ಪುಟದಲ್ಲೇ ಕೇಳಿಸುವ ಸಂಕೇತದ ಸಾಲು) ಬ್ಲಾಗರಿನ ಎಚ್‌ಟಿಎಂಎಲ್ ನೋಟದಲ್ಲಿ ಅಂಟಿಸಬೇಕು. ಬರೆಯುವ ನೋಟದಲ್ಲೇ ಅಂಟಿಸಿದರೆ ಕೋಡೇ ಅಕ್ಷರವಾಗಿ ಕಾಣುತ್ತದೆ. ಹೊಸ ಕಂತು ಕೇಳುಗರ ಫೋನಿಗೆ ತಾನಾಗಿ ತಲುಪಿಸುವುದು ಆರ್‌ಎಸ್‌ಎಸ್ ಎಂಬ ಪಟ್ಟಿ. ಸ್ಪಾಟಿಫೈಯಂಥ ತಾಣಗಳು ಅದನ್ನು ತಾವೇ ತಯಾರಿಸುತ್ತವೆ. ಆ ಪಟ್ಟಿಯಲ್ಲಿ ಇಮೇಲ್ ವಿಳಾಸ ಬಹಿರಂಗವಾಗಬಹುದು, ಅಲ್ಲೂ ಶಾಲೆಯದನ್ನೇ ಕೊಡಿ. ಮುಖಚಿತ್ರ ಚೌಕಾಕಾರ, 3000 ಪಿಕ್ಸೆಲ್ ಇರಲಿ. ಫೋನಿನಲ್ಲಿ ಅದು ಹೆಬ್ಬೆರಳ ಉಗುರಿನಷ್ಟೇ ಕಾಣುವುದರಿಂದ ದಪ್ಪಕ್ಷರದಲ್ಲಿ ಎರಡೇ ಪದ ಬರೆಸಿ. ಧ್ವನಿಯ ಕೆಳಗೆ ಪೂರ್ತಿ ಪಠ್ಯ ಹಾಕಲೇಬೇಕು: ಕಿವಿ ಕೇಳದ ಮಕ್ಕಳೂ ಓದುತ್ತಾರೆ, ಹುಡುಕುವವರಿಗೂ ಸಿಗುತ್ತದೆ. ಮೂಲ ಕಡತಗಳನ್ನು ಲ್ಯಾಬಿನ ಕಂಪ್ಯೂಟರಿನಲ್ಲೂ ಒಂದು ಪೆನ್ ಡ್ರೈವಿನಲ್ಲೂ ಇಡಿ. ಗೂಗಲ್ ಪಾಡ್‌ಕಾಸ್ಟ್ಸ್ ಸೇವೆ 2024ರಲ್ಲಿ ಮುಚ್ಚಿತು, ಯಾವ ತಾಣವೂ ಶಾಶ್ವತವಲ್ಲ.

ಹಾಡಿನ ವಿಷಯದಲ್ಲಿ ಶಾಲೆಗಳು ಬಹಳ ಅಸಡ್ಡೆ ಮಾಡುತ್ತಿವೆ. ಸಿನಿಮಾ ಹಾಡಿನ ತುಣುಕು ಹಾಕಿದರೆ ಕಂತನ್ನೇ ತೆಗೆದುಹಾಕಬಹುದು. ನಾಲ್ಕು ಸೆಕೆಂಡಿನ ತಮಟೆ, ಕೋಲಾಟದ ಕೋಲಿನ ಸದ್ದು, ಶಾಲೆಯ ಗಂಟೆ ರೆಕಾರ್ಡ್ ಮಾಡಿಕೊಳ್ಳಿ, ಅದಕ್ಕಿಂತ ಚೆಂದದ ಗುರುತು ಬೇಕಿಲ್ಲ. ಕವಿತೆ ಓದಿಸುವವರಿಗೂ ಗಮನವಿರಲಿ: 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ಲೇಖಕರ ಕಾಲಾನಂತರ 60 ವರ್ಷ ಉಳಿಯುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಪದ್ಯವನ್ನು ಧಾರಾಳವಾಗಿ ಓದಬಹುದು, 1994ರಲ್ಲಿ ತೀರಿಕೊಂಡ ಕುವೆಂಪು ಅವರದಕ್ಕೆ ಅನುಮತಿ ಬೇಕು. ಪಾಠದ ಭಾಗವಾಗಿ ತರಗತಿಯಲ್ಲಿ ಓದಲು ಇರುವ ವಿನಾಯಿತಿ ಜಗತ್ತಿಗೆ ಹಂಚಲು ಅನ್ವಯಿಸುತ್ತದೆ ಎಂದುಕೊಳ್ಳಬಾರದು. ವಚನ, ಕೀರ್ತನೆಗಳ ಮೂಲಪಠ್ಯ ಮುಕ್ತವೇ, ಆದರೆ ಅವನ್ನು ಹಾಡಿದ ಗಾಯಕರ ಧ್ವನಿಮುದ್ರಣ ಮುಕ್ತವಲ್ಲ.

ಮಕ್ಕಳ ಸುರಕ್ಷತೆಯಲ್ಲಿ ರಾಜಿ ಕೂಡದು. ಹೆಸರು ಮತ್ತು ತರಗತಿ ಮಾತ್ರ ಸಾಕು, ಮನೆತನದ ಹೆಸರು, ಫೋನ್ ಸಂಖ್ಯೆ, ಮುಖದ ಫೋಟೊ, ಬರುವ ಹೋಗುವ ದಾರಿ ಯಾವುದೂ ಬೇಡ. ‘ನಾನು ಸಂಜೆ ಒಬ್ಬಳೇ ತೋಟದ ದಾರಿಯಲ್ಲಿ ಬರುತ್ತೇನೆ’ ಎಂಬಂಥ ಮುಗ್ಧ ಸಾಲು ಬರಹದೊಳಗೇ ನುಸುಳುತ್ತದೆ, ಶಿಕ್ಷಕರು ಆ ಕಣ್ಣಿಟ್ಟು ಓದಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಪೋಷಕರ ಒಪ್ಪಿಗೆ ಬೇಕು. ಏನು ಪ್ರಕಟಿಸುತ್ತೇವೆ, ಬೇಡವೆಂದರೆ ಹೇಗೆ ತೆಗೆಸಬಹುದು ಎಂದು ಸರಳ ಕನ್ನಡದಲ್ಲಿ ಬರೆದು ಸಹಿ ತೆಗೆದುಕೊಳ್ಳಿ. ಓದಲು ಬಾರದ ಪೋಷಕರಿಗೆ ಓದಿ ಹೇಳಿ. ಬೇಡ ಎಂದರೆ ಕಾರಣ ಕೇಳದೆ ತೆಗೆಯಿರಿ.

ಶಿಕ್ಷಣ ಇಲಾಖೆಗೆ ನಮ್ಮ ಕೋರಿಕೆ ಇಷ್ಟೇ: ಉಪಕರಣ ಖರೀದಿಗೆ ಮುನ್ನ ವೇಳಾಪಟ್ಟಿಯಲ್ಲಿ ವಾರಕ್ಕೆ ಒಂದು ಪಿರಿಯಡ್ಡನ್ನು ಈ ಕೆಲಸಕ್ಕೆಂದು ಬರಹದಲ್ಲಿ ನಮೂದಿಸಿ ಕೊಡಿ, ಅದನ್ನು ನಡೆಸುವ ಶಿಕ್ಷಕರ ಕೆಲಸದ ಹೊರೆಯಲ್ಲಿ ಅದನ್ನೂ ಎಣಿಸಿ. ತಮ್ಮ ಪತ್ರಿಕೆಗೂ ಒಂದು ಕೋರಿಕೆ ಇದೆ. ವಾರಕ್ಕೊಮ್ಮೆ ಯಾವುದಾದರೂ ಶಾಲಾ ಬ್ಲಾಗಿನ 150 ಪದಗಳ ಒಂದು ಬರಹವನ್ನು ಅಚ್ಚು ಮಾಡಿದರೆ, ಸಂತೆಯ ಸೊಪ್ಪಿನ ಲೆಕ್ಕ ಬರೆದ ಮಗು ಅದನ್ನು ಮಾರುವಾಕೆಗೇ ಓದಿ ಹೇಳಬಹುದು.

ಶುರುಮಾಡುವ ಶಾಲೆಗಳು ಜೂನಿನಲ್ಲಿ ತಂಡ ಕಟ್ಟಲಿ, ಧ್ವನಿಯ ಮೂರು ಕಂತು ಕೈಯಲ್ಲಿಟ್ಟುಕೊಂಡೇ ಮೊದಲನೆಯದನ್ನು ಬಿಡಲಿ, 15 ದಿನಕ್ಕೊಂದು ಸಾಕು. ಫೆಬ್ರುವರಿ ಮೊದಲ ವಾರ ಒಂಬತ್ತನೆಯವರು ಎಂಟನೆಯವರ ಪಕ್ಕದಲ್ಲಿ ಕೂತು ಒಂದು ಕಂತನ್ನು ಮೊದಲಿನಿಂದ ಕೊನೆಯವರೆಗೆ ಅವರ ಕೈಯಲ್ಲೇ ಮಾಡಿಸಲಿ. ಪಾಸ್‌ವರ್ಡಿನ ಲಕೋಟೆ, ಪೆನ್ ಡ್ರೈವು, ಕೌದಿ, ಮುಂದಿನ ವರ್ಷದ ವಿಷಯಗಳನ್ನು ಬರೆದಿಟ್ಟ ನೋಟ್‌ಬುಕ್ಕು ಆ ದಿನವೇ ಕೈ ಬದಲಾಗಲಿ.

ಇಂತಿ ತಮ್ಮ ವಿಶ್ವಾಸಿ,
ಪ್ರೌಢಶಾಲೆಯ ಕನ್ನಡ ಶಿಕ್ಷಕ, ಶಿವಮೊಗ್ಗ ಜಿಲ್ಲೆ